ಜಾಲಪುಟಗಳ ಮಂದಗತಿ ಮತ್ತು ಘಟನಾನಿರ್ವಹಣೆ: ಒಂದು ಐತಿಹಾಸಿಕ ವಿವೇಚನೆ

೧

ನಮ್ಮ ವಿಭಾಗದಲ್ಲಿ ವಿದ್ಯಾರ್ಥಿಗಳ ಉಪಯೋಗಕ್ಕೆಂದು ಸುಮಾರು ೨,೦೦೦ ಶಾಸನಗಳ ಸೂಚಿಯೊಂದನ್ನು ಜಾಲಪುಟದ ರೂಪದಲ್ಲಿ ಸಿದ್ಧಪಡಿಸಿದೆವು. ಶಾಸನ ದೊರೆತ ಊರು, ಅದರ ಕಾಲ, ರಾಜವಂಶ, ಪ್ರಕಟವಾದ ಸಂಪುಟ ಇವಿಷ್ಟೂ ಒಂದೊಂದು ಸಾಲಿನಲ್ಲಿ. ಮೇಲ್ಗಡೆ ಹುಡುಕುವುದಕ್ಕೆ ಒಂದು ಪೆಟ್ಟಿಗೆ. ವಿಭಾಗದ ಗಣಕಯಂತ್ರದಲ್ಲಿ ಅದು ಚೆನ್ನಾಗಿಯೇ ನಡೆಯಿತು. ಆದರೆ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಅದನ್ನು ತೆರೆಯುವುದು ಅಗ್ಗದ ಮೊಬೈಲಿನಲ್ಲಿ. ಅಲ್ಲಿ ಪುಟವನ್ನು ಬೆರಳಿನಿಂದ ಸರಿಸಿದರೆ ಅದು ಅಂಟಿಕೊಂಡಂತೆ ನಿಲ್ಲುತ್ತಿದ್ದಿತು. ಪೆಟ್ಟಿಗೆಯಲ್ಲಿ ರಾಜವಂಶದ ಹೆಸರನ್ನು ಬರೆಯತೊಡಗಿದರೆ ಅಕ್ಷರಗಳು ಬೆರಳಿಗಿಂತ ಬಹಳ ಹಿಂದೆ ಬೀಳುತ್ತಿದ್ದುವು. "ನನ್ನ ಫೋನೇ ಸರಿಯಿಲ್ಲ ಸರ್, ಗ್ರಂಥಾಲಯಕ್ಕೆ ಬಂದಾಗ ನೋಡಿಕೊಳ್ಳುತ್ತೇನೆ" ಎಂದು ವಿದ್ಯಾರ್ಥಿನಿಯೊಬ್ಬಳು ಹೇಳಿ ಸುಮ್ಮನಾದಳು. ದೋಷ ಫೋನಿನದಾಗಿರಲಿಲ್ಲ, ಪುಟದೊಳಗೆ ನಾವು ಬರೆದಿಟ್ಟಿದ್ದ ಸ್ಕ್ರಿಪ್ಟಿನದಾಗಿದ್ದಿತು.

ಓದುಗನ ಕೈಗೆ ದೊರೆಯದ ದಾಖಲೆ ಇದ್ದೂ ಇಲ್ಲದಂತೆಯೇ ಎಂಬುದು ಇತಿಹಾಸದ ವಿದ್ಯಾರ್ಥಿಗಳಿಗೆಲ್ಲ ವಿದಿತವಾದ ಸಂಗತಿ. ಬೀಗ ಹಾಕಿದ ಕಪಾಟು ಹೇಗೋ, ತಡವರಿಸುವ ಪುಟವೂ ಹಾಗೆಯೇ. ಆದಕಾರಣ ಈ ಮಂದಗತಿಗೆ ಕಾರಣವೇನು, ಅದು ಹೇಗೆ ಬಂದಿತು, ಅದನ್ನು ನೀಗುವ ಬಗೆ ಯಾವುದು ಎಂಬುದನ್ನು ಅರಿಯಲು ಯತ್ನಿಸಿದೆವು. ನಾವು ಗಣಕಶಾಸ್ತ್ರಜ್ಞರಲ್ಲ. ಆದರೆ ಒಂದು ವ್ಯವಸ್ಥೆ ಇಂದಿರುವಂತೆ ಏಕಿದೆ ಎಂಬುದನ್ನು ತಿಳಿಯಲು ಅದರ ಚರಿತ್ರೆಯನ್ನು ನೋಡಬೇಕಾಗುತ್ತದೆ. ಅಷ್ಟರಮಟ್ಟಿಗೆ ಈ ವಿಷಯ ನಮ್ಮ ಶಾಸ್ತ್ರದ ಎಲ್ಲೆಯೊಳಗೂ ಬರುತ್ತದೆಂದು ಭಾವಿಸಿದ್ದೇವೆ.

೨

ಮೊದಲು ಒಂದೆರಡು ಪದಗಳ ಅರ್ಥವನ್ನು ನಿರ್ಣಯಿಸಿಕೊಳ್ಳುವುದು ಒಳ್ಳೆಯದು. ಪುಟದ ಮೇಲೆ ಬೆರಳು ತಾಗುವುದು, ಕೀಲಿಯೊಂದನ್ನು ಒತ್ತುವುದು, ಪುಟ ಸರಿಯುವುದು, ಚಿತ್ರವೊಂದು ಬಂದು ಸೇರುವುದು ಇವೆಲ್ಲಕ್ಕೂ ಈ ಕಸುಬಿನವರು ಈವೆಂಟ್ ಎನ್ನುತ್ತಾರೆ. ನಾವು ಇದನ್ನು ಘಟನೆ ಎಂದೇ ಕರೆಯೋಣ. ಇಂಥ ಘಟನೆ ಸಂಭವಿಸಿದಾಗ ನಡೆಯಬೇಕಾದ ಕೆಲಸವನ್ನು ವಿಧಿಸುವ ಸ್ಕ್ರಿಪ್ಟಿನ ಭಾಗಕ್ಕೆ ನಿರ್ವಾಹಕ ಎಂದು ಹೆಸರಿಡೋಣ.

ಪುಟಗಳಿಗೆ ಈ ಚಲನೆಯನ್ನು ತಂದುಕೊಟ್ಟ ಭಾಷೆ ಜಾವಾಸ್ಕ್ರಿಪ್ಟ್. ನೆಟ್‌ಸ್ಕೇಪ್ ಸಂಸ್ಥೆಯಲ್ಲಿದ್ದ ಬ್ರೆಂಡನ್ ಐಕ್ ಅವರು ಇದರ ಮೊದಲ ರೂಪವನ್ನು ೧೯೯೫ರ ಮೇ ತಿಂಗಳಿನಲ್ಲಿ ಹತ್ತು ದಿನಗಳಲ್ಲಿ ರಚಿಸಿದರು. ಮೊದಲು ಮೋಕಾ, ಆಮೇಲೆ ಲೈವ್‌ಸ್ಕ್ರಿಪ್ಟ್ ಎನಿಸಿಕೊಂಡ ಈ ಭಾಷೆಗೆ ಅದೇ ವರ್ಷದ ಡಿಸೆಂಬರಿನಲ್ಲಿ ಈಗಿನ ಹೆಸರು ಬಂದಿತು. ಆಗ ಅದರಿಂದ ನಿರೀಕ್ಷಿಸಿದ ಸೇವೆ ಅಲ್ಪವಾದುದು. ಅರ್ಜಿಯ ನಮೂನೆಯಲ್ಲಿ ಬಿಟ್ಟುಹೋದ ಅಂಶವನ್ನು ದೂರದ ಯಂತ್ರಕ್ಕೆ ಕಳುಹಿಸುವ ಮೊದಲೇ ಎತ್ತಿ ತೋರಿಸುವಂಥ ಸಣ್ಣ ಕೆಲಸಗಳಿಗೆ ಅದು ಸಾಕಾಗಿದ್ದಿತು. ಅಂಥ ಕೆಲಸಕ್ಕೆ ಒಂದೇ ಎಳೆ ಸಾಕು. ಒಂದು ಸಮಯಕ್ಕೆ ಒಂದೇ ಕಾರ್ಯ, ಹಿಡಿದ ಕಾರ್ಯ ಮುಗಿದ ಮೇಲೆಯೇ ಮುಂದಿನದು ಎಂಬ ನಿಯಮ ಹೀಗೆ ನೆಲೆಗೊಂಡಿತು.

ಈ ನಿಯಮವನ್ನು ಒಬ್ಬನೇ ಗುಮಾಸ್ತನಿರುವ ಕಚೇರಿಗೆ ಹೋಲಿಸಬಹುದು. ಬಂದ ಅರ್ಜಿಗಳನ್ನೆಲ್ಲ ಸರದಿಯಲ್ಲಿಟ್ಟು ಒಂದೊಂದಾಗಿ ವಿಲೇವಾರಿ ಮಾಡುವವನು ಅವನೇ. ಹೊರಗಿನ ಹಲಗೆಯ ಮೇಲೆ ಹೊಸ ಪ್ರಕಟಣೆ ಬರೆಯಬೇಕಾದವನೂ ಅವನೇ. ಒಂದು ಕಡತ ಕೈಗೆ ಬಂದ ಮೇಲೆ ಅದು ಮುಗಿಯುವವರೆಗೆ ಅವನು ತಲೆಯೆತ್ತುವುದಿಲ್ಲ. ಕಡತ ಚಿಕ್ಕದಾದರೆ ಯಾರಿಗೂ ತೊಂದರೆಯಿಲ್ಲ. ದೊಡ್ಡದಾದರೆ ಸರದಿ ಬೆಳೆಯುತ್ತದೆ, ಹಲಗೆ ಹಳತಾಗಿಯೇ ಉಳಿಯುತ್ತದೆ. ಬ್ರೌಸರಿನಲ್ಲಿಯೂ ಹೀಗೆಯೇ. ನಿರ್ವಾಹಕಗಳನ್ನು ನಡೆಸುವ ಎಳೆಯೇ ಪುಟದ ವಿನ್ಯಾಸವನ್ನು ಲೆಕ್ಕಹಾಕಿ ಅದನ್ನು ಚಿತ್ರಿಸುವ ಕೆಲಸದಲ್ಲಿಯೂ ತೊಡಗಬೇಕು. ಸಾಧಾರಣವಾದ ತೆರೆಯೊಂದು ಸೆಕೆಂಡಿಗೆ ೬೦ ಸಲ ಹೊಸದಾಗುತ್ತದೆ. ಎಂದರೆ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ದೊರೆಯುವ ಅವಕಾಶ ಸುಮಾರು ೧೬.೭ ಮಿಲಿಸೆಕೆಂಡು ಮಾತ್ರ. ನಿರ್ವಾಹಕವೊಂದು ೩೦೦ ಮಿಲಿಸೆಕೆಂಡು ಹಿಡಿದರೆ ಅಷ್ಟರಲ್ಲಿ ಬರಬೇಕಾಗಿದ್ದ ಹದಿನೇಳು ಹದಿನೆಂಟು ಚಿತ್ರಗಳು ತಪ್ಪಿಹೋಗುತ್ತವೆ. ಓದುಗನ ಕಣ್ಣಿಗೆ ಕಾಣುವ ತಡವರಿಕೆ ಇದೇ.

೨೦೦೮ರ ಸೆಪ್ಟೆಂಬರಿನಲ್ಲಿ ಗೂಗಲ್ ಸಂಸ್ಥೆಯ ಕ್ರೋಮ್ ಬ್ರೌಸರು ವಿ೮ ಎಂಬ ಯಂತ್ರದೊಡನೆ ಹೊರಬಂದ ಮೇಲೆ ಸ್ಕ್ರಿಪ್ಟುಗಳ ವೇಗ ಬಹಳವಾಗಿ ಹೆಚ್ಚಿತೆಂಬುದು ನಿಜ. ಆದರೆ ಇದರಿಂದ ಗುಮಾಸ್ತನ ಕೈ ಚುರುಕಾಯಿತೇ ಹೊರತು ಗುಮಾಸ್ತರ ಸಂಖ್ಯೆ ಹೆಚ್ಚಲಿಲ್ಲ.

೩

ಘಟನೆಯೊಂದು ಪುಟದಲ್ಲಿ ಹೇಗೆ ಸಂಚರಿಸುತ್ತದೆ ಎಂಬ ಪ್ರಶ್ನೆಯಲ್ಲಿ ಎರಡು ಸಂಸ್ಥೆಗಳ ಸ್ಪರ್ಧೆಯ ಕುರುಹು ಇಂದಿಗೂ ಉಳಿದಿದೆ. ಪುಟವೆಂಬುದು ಒಂದರೊಳಗೊಂದು ಅಡಗಿದ ಅಂಗಗಳ ರಚನೆ. ನಮ್ಮ ಸೂಚಿಯಲ್ಲಿ ಗುಂಡಿಯು ಸಾಲಿನೊಳಗಿದೆ, ಸಾಲು ಪಟ್ಟಿಯೊಳಗಿದೆ, ಪಟ್ಟಿ ಪುಟದೊಳಗಿದೆ. ಗುಂಡಿಯನ್ನು ಒತ್ತಿದಾಗ ಸಾಲನ್ನೂ ಪಟ್ಟಿಯನ್ನೂ ಪುಟವನ್ನೂ ಒತ್ತಿದಂತೆಯೇ ಆಯಿತು. ಹಾಗಾದರೆ ಮೊದಲು ಯಾರಿಗೆ ತಿಳಿಸಬೇಕು?

೧೯೯೭ರಲ್ಲಿ ಬಂದ ನೆಟ್‌ಸ್ಕೇಪಿನ ನಾಲ್ಕನೆಯ ಆವೃತ್ತಿಯಲ್ಲಿ ಸುದ್ದಿ ಮೇಲಿನಿಂದ ಕೆಳಕ್ಕೆ ಇಳಿಯುತ್ತಿದ್ದಿತು: ಮೊದಲು ಪುಟಕ್ಕೆ, ಕೊನೆಗೆ ಗುಂಡಿಗೆ. ಅದೇ ವರ್ಷ ಬಂದ ಮೈಕ್ರೋಸಾಫ್ಟ್ ಸಂಸ್ಥೆಯ ಇಂಟರ್ನೆಟ್ ಎಕ್ಸ್‌ಪ್ಲೋರರ್ ನಾಲ್ಕನೆಯ ಆವೃತ್ತಿಯಲ್ಲಿ ಇದಕ್ಕೆ ತದ್ವಿರುದ್ಧ: ಮೊದಲು ಗುಂಡಿಗೆ, ಆಮೇಲೆ ನೀರಿನೊಳಗಿನ ಗುಳ್ಳೆಯಂತೆ ಒಂದೊಂದೇ ಹಂತ ಮೇಲೇರಿ ಪುಟಕ್ಕೆ. ಮೊದಲನೆಯದನ್ನು ಕ್ಯಾಪ್ಚರಿಂಗ್, ಎರಡನೆಯದನ್ನು ಬಬ್ಲಿಂಗ್ ಎನ್ನುವರು. ಸಂಗೀತದ ಪರಿಭಾಷೆಯಲ್ಲಿ ಅವರೋಹಣ, ಆರೋಹಣ ಎಂದರೆ ನಮ್ಮ ವಾಚಕರಿಗೆ ಸುಲಭವಾಗಿ ಮನಸ್ಸಿಗೆ ಬರುತ್ತದೆ. ಒಂದು ಬ್ರೌಸರಿಗೆ ಬರೆದ ಸ್ಕ್ರಿಪ್ಟು ಮತ್ತೊಂದರಲ್ಲಿ ನಡೆಯದೆ, ಪುಟ ಬರೆಯುವವರು ಒಂದೇ ಕೆಲಸವನ್ನು ಎರಡೆರಡು ಸಲ ಮಾಡಬೇಕಾಯಿತು.

ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ೨೦೦೦ದ ನವೆಂಬರಿನಲ್ಲಿ ಪ್ರಕಟಿಸಿದ ಮಾನಕವು ಇಬ್ಬರಿಗೂ ಸ್ಥಾನ ಕಲ್ಪಿಸಿತು. ಘಟನೆ ಮೊದಲು ಅವರೋಹಣದಲ್ಲಿ ಇಳಿಯಬೇಕು, ಗುರಿಯನ್ನು ಮುಟ್ಟಬೇಕು, ಅಲ್ಲಿಂದ ಆರೋಹಣದಲ್ಲಿ ಮೇಲೇರಬೇಕು. ನಿರ್ವಾಹಕವನ್ನು ಆಡ್‌ಈವೆಂಟ್‌ಲಿಸನರ್ ಎಂಬ ಆಜ್ಞೆಯಿಂದ ಈ ದಾರಿಯ ಯಾವ ಹಂತದಲ್ಲಿ ಬೇಕಾದರೂ ನಿಲ್ಲಿಸಬಹುದು. ಸಂಧಿಯೇನೋ ಆಯಿತು, ಆಚರಣೆಗೆ ಬರಲು ಮಾತ್ರ ಬಹುಕಾಲ ಹಿಡಿಯಿತು. ಇಂಟರ್ನೆಟ್ ಎಕ್ಸ್‌ಪ್ಲೋರರ್ ಈ ಆಜ್ಞೆಯನ್ನು ಅಂಗೀಕರಿಸಿದ್ದು ೨೦೧೧ರಲ್ಲಿ ಬಂದ ಒಂಬತ್ತನೆಯ ಆವೃತ್ತಿಯಲ್ಲಿ. ನಡುವಿನ ವರ್ಷಗಳಲ್ಲಿ ಈ ಭೇದಗಳನ್ನು ಮರೆಮಾಡಿ ಒಂದೇ ಬಗೆಯಾಗಿ ಬರೆಯಲು ಅವಕಾಶ ಕೊಟ್ಟ ಸಾಧನಗಳಲ್ಲಿ ಜಾನ್ ರೆಸಿಗ್ ಅವರು ೨೦೦೬ರಲ್ಲಿ ಬಿಡುಗಡೆ ಮಾಡಿದ ಜೆಕ್ವೆರಿ ಮುಖ್ಯವಾದುದು.

೪

ಆರೋಹಣದ ನಿಯಮದಿಂದ ದೊರೆಯುವ ದೊಡ್ಡ ಅನುಕೂಲವೊಂದಿದೆ. ಅದನ್ನರಿಯದೆ ನಾವು ಮಾಡಿದ ಮೊದಲ ತಪ್ಪನ್ನು ಇಲ್ಲಿ ಹೇಳಬೇಕು. ನಮ್ಮ ಸೂಚಿಯ ಪ್ರತಿಯೊಂದು ಸಾಲಿನಲ್ಲಿಯೂ ಮೂರು ಗುಂಡಿಗಳಿದ್ದುವು: ಪಾಠ, ಭೂಪಟ, ಟಿಪ್ಪಣಿ. ಒಂದೊಂದು ಗುಂಡಿಗೂ ಒಂದೊಂದು ನಿರ್ವಾಹಕವನ್ನು ಕಟ್ಟಿದ್ದೆವು. ೨,೦೦೦ ಸಾಲುಗಳಿಗೆ ೬,೦೦೦ ನಿರ್ವಾಹಕಗಳಾದುವು. ಪುಟ ತೆರೆದೊಡನೆ ಇವನ್ನೆಲ್ಲ ಕಟ್ಟುವ ಕೆಲಸ, ಅವುಗಳನ್ನು ನೆನಪಿನಲ್ಲಿಡುವ ಭಾರ, ಹುಡುಕಿದಾಗಲೆಲ್ಲ ಪಟ್ಟಿ ಬದಲಾಗಿ ಹೊಸ ಸಾಲುಗಳಿಗೆ ಮತ್ತೆ ಕಟ್ಟುವ ಶ್ರಮ ಇವೆಲ್ಲವೂ ಆ ಒಂದೇ ಎಳೆಯ ಮೇಲೆ ಬಿದ್ದುವು.

ಇದಕ್ಕೆ ಬದಲಾಗಿ ಇಡೀ ಪಟ್ಟಿಗೆ ಒಂದೇ ನಿರ್ವಾಹಕವನ್ನು ಕಟ್ಟಿದರೆ ಸಾಕು. ಯಾವ ಗುಂಡಿಯನ್ನು ಒತ್ತಿದರೂ ಘಟನೆ ಮೇಲೇರಿ ಪಟ್ಟಿಯನ್ನು ತಲಪುತ್ತದೆ. ತಾನು ಹುಟ್ಟಿದ ಸ್ಥಳ ಯಾವುದೆಂಬ ಗುರುತು ಘಟನೆಯಲ್ಲಿಯೇ ಇರುತ್ತದೆ. ಆ ಗುರುತನ್ನು ನೋಡಿ ಯಾವ ಸಾಲು, ಯಾವ ಗುಂಡಿ ಎಂದು ನಿರ್ವಾಹಕವು ನಿರ್ಣಯಿಸಿಕೊಳ್ಳುತ್ತದೆ. ಇದಕ್ಕೆ ಡೆಲಿಗೇಷನ್ ಎಂದು ಹೆಸರು. ಮನೆಮನೆಗೂ ಒಬ್ಬ ಕಾವಲುಗಾರನನ್ನಿಡುವ ಬದಲು ಊರಬಾಗಿಲಲ್ಲಿ ಒಬ್ಬನನ್ನು ನಿಲ್ಲಿಸಿದಂತೆ ಇದು. ಮುಂದೆ ಬಂದು ಸೇರುವ ಹೊಸ ಸಾಲುಗಳಿಗೂ ಇದೇ ನಿರ್ವಾಹಕ ಸಲ್ಲುತ್ತದೆ. ಆದರೆ ಎಲ್ಲ ಘಟನೆಗಳೂ ಮೇಲೇರುವುದಿಲ್ಲವೆಂಬುದನ್ನು ಮರೆಯಬಾರದು. ಬರೆಯುವ ಪೆಟ್ಟಿಗೆಗೆ ಗಮನ ಬಂದುದನ್ನೂ ಹೋದುದನ್ನೂ ತಿಳಿಸುವ ಫೋಕಸ್, ಬ್ಲರ್ ಎಂಬ ಘಟನೆಗಳು ಗುರಿಯಲ್ಲಿಯೇ ನಿಲ್ಲುತ್ತವೆ. ಮೇಲೇರುವ ರೂಪ ಬೇಕಾದರೆ ಫೋಕಸ್‌ಇನ್, ಫೋಕಸ್‌ಔಟ್ ಎಂಬವನ್ನು ಆಶ್ರಯಿಸಬೇಕು.

೫

ಎರಡನೆಯ ತೊಂದರೆ ಘಟನೆಗಳ ದಟ್ಟಣೆಯದು. ಗುಂಡಿಯನ್ನು ಓದುಗ ಆಗೊಮ್ಮೆ ಈಗೊಮ್ಮೆ ಒತ್ತುತ್ತಾನೆ. ಪುಟವನ್ನು ಸರಿಸುವಾಗಲಾದರೋ ಸ್ಕ್ರೋಲ್ ಘಟನೆ ಸೆಕೆಂಡಿಗೆ ಹತ್ತಾರು ಸಲ ಸಂಭವಿಸುತ್ತದೆ. ಇದರ ಅಪಾಯ ಜನರ ಗಮನಕ್ಕೆ ಬಂದ ಪ್ರಸಿದ್ಧ ಸಂದರ್ಭವೊಂದಿದೆ. ಕೆಳಕ್ಕೆ ಸರಿಸಿದಂತೆಲ್ಲ ಹೊಸ ಬರಹಗಳು ತಾವಾಗಿ ಬಂದು ಸೇರುವ ಟ್ವಿಟರ್ ತಾಣದ ಪುಟವು ಸರಿಸುವಾಗ ಅತಿಯಾಗಿ ತಡವರಿಸತೊಡಗಿತು. ರೆಸಿಗ್ ಅವರು ೨೦೧೧ರ ಜನವರಿಯಲ್ಲಿ ಇದನ್ನು ವಿಶ್ಲೇಷಿಸಿ ಬರೆದರು. ಸ್ಕ್ರೋಲ್ ಘಟನೆಗೇ ನೇರವಾಗಿ ನಿರ್ವಾಹಕವನ್ನು ಕಟ್ಟಿ, ಪ್ರತಿಸಲವೂ ಪುಟದ ಅಂಗಗಳನ್ನು ಹೊಸದಾಗಿ ಹುಡುಕಿಸುತ್ತಿದ್ದುದೇ ಕಾರಣವೆಂದು ಅವರು ತೋರಿಸಿದರು. ಅವರು ಸೂಚಿಸಿದ ಪರಿಹಾರ ಸರಳವಾದುದು: ಘಟನೆ ಸಂಭವಿಸಿದಾಗ "ಪುಟ ಸರಿದಿದೆ" ಎಂಬ ಗುರುತನ್ನು ಮಾತ್ರ ಇಟ್ಟು ಹಿಂದಿರುಗುವುದು, ೨೫೦ ಮಿಲಿಸೆಕೆಂಡಿಗೊಮ್ಮೆ ಆ ಗುರುತನ್ನು ನೋಡಿ ನಿಜವಾದ ಕೆಲಸವನ್ನು ಮಾಡುವುದು, ಒಮ್ಮೆ ಹುಡುಕಿದ ಅಂಗವನ್ನು ನೆನಪಿನಲ್ಲಿಟ್ಟುಕೊಳ್ಳುವುದು.

ಹೀಗೆ ಎಷ್ಟು ಘಟನೆಗಳು ಬಂದರೂ ನಿಗದಿಯಾದ ಕಾಲಕ್ಕೊಮ್ಮೆ ಮಾತ್ರ ಕೆಲಸಮಾಡುವ ಕ್ರಮಕ್ಕೆ ಥ್ರಾಟಲ್ ಎಂದೂ, ಘಟನೆಗಳು ನಿಂತು ಸ್ವಲ್ಪ ಹೊತ್ತು ಮೌನವಾದ ಮೇಲೆಯೇ ಕೆಲಸಕ್ಕೆ ತೊಡಗುವ ಕ್ರಮಕ್ಕೆ ಡಿಬೌನ್ಸ್ ಎಂದೂ ಹೆಸರು. ಸರಿಸುವಿಕೆಗೆ ಮೊದಲನೆಯದು, ಬರೆಯುವಿಕೆಗೆ ಎರಡನೆಯದು ಹೊಂದುತ್ತದೆ. ಅಂಗವೊಂದು ಕಣ್ಣಿಗೆ ಬೀಳುವ ಎಡೆಗೆ ಬಂದಿತೇ ಎಂದು ತಿಳಿಯಲು ಈಗ ಸ್ಕ್ರೋಲ್ ಘಟನೆಯ ಹಂಗೇ ಬೇಕಾಗಿಲ್ಲ. ೨೦೧೬ರಿಂದ ಬ್ರೌಸರುಗಳಲ್ಲಿ ಕಾಣಿಸಿಕೊಂಡ ಇಂಟರ್‌ಸೆಕ್ಷನ್ ಅಬ್ಸರ್ವರ್ ಆ ಸುದ್ದಿಯನ್ನು ಬೇಕಾದಾಗ ಮಾತ್ರ ತಂದುಕೊಡುತ್ತದೆ.

ಕನ್ನಡದಲ್ಲಿ ಹುಡುಕುವವರಿಗೆ ಈ ದಟ್ಟಣೆ ಇನ್ನಷ್ಟು ತಟ್ಟುತ್ತದೆ. 'ರಾಷ್ಟ್ರಕೂಟ' ಎಂಬ ಮಾತು ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಯೂನಿಕೋಡ್ ಕ್ರಮದಲ್ಲಿ ಮಾತ್ರ ಅದು ಹತ್ತು ಸಂಕೇತಗಳ ಸರಣಿ: ರಕಾರ, ಆಕಾರದ ಚಿಹ್ನೆ, ಷಕಾರ, ವಿರಾಮ, ಟಕಾರ, ವಿರಾಮ, ರಕಾರ, ಕಕಾರ, ಊಕಾರದ ಚಿಹ್ನೆ, ಟಕಾರ. ಒಂದೊಂದು ಸಂಕೇತವನ್ನು ಒತ್ತಿದಾಗಲೂ ೨,೦೦೦ ಸಾಲುಗಳನ್ನು ಶೋಧಿಸುವ ಸ್ಕ್ರಿಪ್ಟು ಈ ನಾಲ್ಕಕ್ಷರದ ಮಾತಿಗೆ ಹತ್ತು ಸಲ ಶೋಧಿಸುತ್ತದೆ. ಅವುಗಳಲ್ಲಿ ಕೆಲವು ಅರ್ಧಾಕ್ಷರದಲ್ಲಿ ನಿಂತ, ಯಾರಿಗೂ ಬೇಡದ ಶೋಧನೆಗಳು. ಬೆರಳು ಕಾಲು ಸೆಕೆಂಡು ನಿಂತ ಮೇಲೆ ಶೋಧಿಸಿದರೆ ಬಹುಮಟ್ಟಿಗೆ ಒಂದೆರಡು ಸಲದಲ್ಲಿಯೇ ಕೆಲಸ ಮುಗಿಯುತ್ತದೆ.

ಇಲ್ಲಿಯೇ ಮತ್ತೊಂದು ಎಚ್ಚರಿಕೆ ಅವಶ್ಯಕ. ಯಾವ ಕೀಲಿಯನ್ನು ಒತ್ತಿದರೆಂದು ತಿಳಿಸುವ ಕೀಡೌನ್ ಘಟನೆಯನ್ನು ನಂಬಿ ಬರೆದ ಸ್ಕ್ರಿಪ್ಟು ಆಂಡ್ರಾಯ್ಡ್ ಮೊಬೈಲುಗಳಲ್ಲಿ ಅನೇಕ ವೇಳೆ ಕೈಕೊಡುತ್ತದೆ. ಅಲ್ಲಿಯ ತೆರೆಕೀಲಿಮಣೆಗಳು ಸಾಮಾನ್ಯವಾಗಿ ಯಾವ ಅಕ್ಷರಕ್ಕೂ ೨೨೯ ಎಂಬ ಒಂದೇ ಸಂಖ್ಯೆಯನ್ನು ವರದಿಮಾಡುತ್ತವೆ. ಆದುದರಿಂದ ಪೆಟ್ಟಿಗೆಯಲ್ಲಿರುವ ಬರಹ ಬದಲಾಯಿತೆಂದು ತಿಳಿಸುವ ಇನ್‌ಪುಟ್ ಘಟನೆಯನ್ನೇ ಅವಲಂಬಿಸಬೇಕು. ಅಕ್ಷರ ಇನ್ನೂ ಕೂಡಿಬರುತ್ತಿದೆ, ಈಗ ಕೂಡಿಬಂದಿತು ಎಂಬುದನ್ನು ತಿಳಿಸುವ ಕಾಂಪೊಸಿಷನ್ ಘಟನೆಗಳೂ ಇವೆ. ರೋಮನ್ ಅಕ್ಷರಗಳಿಂದ ಕನ್ನಡವನ್ನು ಮೂಡಿಸುವ ಕೀಲಿಮಣೆಗಳನ್ನು ಬಳಸುವವರನ್ನು ನೆನೆದು ಅವನ್ನೂ ಗಮನಿಸುವುದು ಲೇಸು.

ಮೂರನೆಯದು ಅಳತೆ ಕೇಳುವ ಕ್ರಮ. ಸಾಲೊಂದರ ಎತ್ತರವನ್ನು ಬದಲಿಸಿ, ಒಡನೆಯೇ ಮುಂದಿನ ಸಾಲಿನ ಎತ್ತರವೆಷ್ಟೆಂದು ಕೇಳಿದರೆ, ಉತ್ತರ ಹೇಳುವುದಕ್ಕಾಗಿ ಬ್ರೌಸರು ವಿನ್ಯಾಸವನ್ನು ಆ ಕ್ಷಣವೇ ಮತ್ತೆ ಲೆಕ್ಕಹಾಕಬೇಕಾಗುತ್ತದೆ. ಹೀಗೆ ಬದಲಿಸು, ಕೇಳು, ಬದಲಿಸು, ಕೇಳು ಎಂದು ಸಾವಿರ ಸಾಲಿಗೆ ಮಾಡಿದರೆ ಸಾವಿರ ಸಲ ಲೆಕ್ಕ. ಮೊದಲು ಎಲ್ಲವನ್ನೂ ಕೇಳಿಕೊಂಡು, ಆಮೇಲೆ ಎಲ್ಲವನ್ನೂ ಬದಲಿಸಿದರೆ ಒಂದೇ ಸಲದಲ್ಲಿ ಮುಗಿಯುತ್ತದೆ. ಕೆಲಸ ಒಂದೇ, ಕ್ರಮ ಮಾತ್ರ ಬೇರೆ.

೬

ಈ ಚರಿತ್ರೆಯಲ್ಲಿ ನಮಗೆ ಅತ್ಯಂತ ಅರ್ಥಪೂರ್ಣವೆಂದು ತೋರಿದ ಪ್ರಕರಣಗಳು ಎರಡು. ನಿರ್ವಾಹಕವೊಂದಕ್ಕೆ ಬ್ರೌಸರಿನ ಸಹಜಕಾರ್ಯವನ್ನು ತಡೆಯುವ ಅಧಿಕಾರ ಮೊದಲಿನಿಂದಲೂ ಇದೆ. ಬೆರಳು ತೆರೆಯನ್ನು ಮುಟ್ಟಿ ಜಾರಿದಾಗ ಅದಕ್ಕೆ ಕಟ್ಟಿದ ನಿರ್ವಾಹಕವಿದ್ದರೆ, ಅದು "ಸರಿಯಬೇಡ" ಎಂದೀತೇನೋ ಎಂದು ಬ್ರೌಸರು ಅದು ಮುಗಿಯುವವರೆಗೆ ಕಾಯಬೇಕು. ಬಹುತೇಕ ನಿರ್ವಾಹಕಗಳು ತಡೆಯುವುದೇ ಇಲ್ಲ. ಆದರೂ ಕಾಯುವುದು ತಪ್ಪದು. ೨೦೧೬ರಲ್ಲಿ ಕ್ರೋಮ್ ಬ್ರೌಸರಿನಲ್ಲಿ ಬಂದ ಪ್ಯಾಸಿವ್ ಎಂಬ ಸೂಚನೆ ಇದಕ್ಕೆ ಪರಿಹಾರವಾಯಿತು. "ನಾನು ತಡೆಯುವುದಿಲ್ಲ" ಎಂದು ನಿರ್ವಾಹಕವು ಮೊದಲೇ ಮಾತು ಕೊಟ್ಟರೆ ಬ್ರೌಸರು ಕಾಯದೆ ಪುಟವನ್ನು ಸರಿಸುತ್ತದೆ. ಮರುವರ್ಷ ಇಡೀ ಪುಟಕ್ಕೆ ಕಟ್ಟಿದ ಸ್ಪರ್ಶದ ನಿರ್ವಾಹಕಗಳಿಗೆ ಈ ಮಾತನ್ನು ಕ್ರೋಮ್ ತಾನಾಗಿಯೇ ಅನ್ವಯಿಸಿತು. ಇದರಿಂದ ಕೆಲವು ಹಳೆಯ ಪುಟಗಳು ಕೆಟ್ಟುವೆಂಬುದು ನಿಜ. ಆದರೂ ಸ್ಕ್ರಿಪ್ಟಿನ ಅಧಿಕಾರಕ್ಕೂ ಓದುಗನ ಬೆರಳಿಗೂ ಘರ್ಷಣೆಯಾದಾಗ ಬೆರಳಿನ ಪಕ್ಷವನ್ನು ವಹಿಸಿದ ಸ್ಪಷ್ಟ ನಿರ್ಣಯ ಇದು.

ಎರಡನೆಯದು ಮ್ಯುಟೇಷನ್ ಘಟನೆಗಳ ಅವಸಾನ. ಪುಟದ ರಚನೆಯಲ್ಲಿ ಆಗುವ ಪ್ರತಿಯೊಂದು ಬದಲಾವಣೆಯನ್ನೂ ಆ ಕ್ಷಣವೇ ವರದಿಮಾಡುವ ಈ ಘಟನೆಗಳು ೨೦೦೦ದ ಮಾನಕದಲ್ಲಿಯೇ ಇದ್ದುವು. ನೂರು ಬದಲಾವಣೆಗೆ ನೂರು ಸಲ ಕೆಲಸ ನಿಲ್ಲಿಸಿ ವರದಿಮಾಡುವ ಈ ಕ್ರಮ ಪುಟವನ್ನು ಬಹಳವಾಗಿ ನಿಧಾನಗೊಳಿಸಿತು. ಬದಲಾವಣೆಗಳನ್ನೆಲ್ಲ ಕಲೆಹಾಕಿ, ನಡೆಯುತ್ತಿದ್ದ ಕೆಲಸ ಮುಗಿದ ಮೇಲೆ ಒಂದೇ ವರದಿ ಕೊಡುವ ಮ್ಯುಟೇಷನ್ ಅಬ್ಸರ್ವರ್ ಅದರ ಸ್ಥಾನಕ್ಕೆ ಬಂದಿತು. ೨೦೨೪ರ ಜುಲೈಯಲ್ಲಿ ಬಂದ ಕ್ರೋಮ್ ೧೨೭ನೆಯ ಆವೃತ್ತಿಯಲ್ಲಿ ಹಳೆಯ ಘಟನೆಗಳು ಸಾಮಾನ್ಯ ಬಳಕೆಯಿಂದ ತೆಗೆಯಲ್ಪಟ್ಟುವು. ಮಾನಕದಲ್ಲಿ ಸೇರಿದ್ದೂ ಶಾಶ್ವತವಲ್ಲವೆಂಬುದಕ್ಕೆ ಇದೊಂದು ನಿದರ್ಶನ.

೭

ಪುಟ ಎಷ್ಟು ಬೇಗ ಉತ್ತರಿಸಿದರೆ ಸಾಕು? ರಾಬರ್ಟ್ ಮಿಲ್ಲರ್ ಅವರು ೧೯೬೮ರಲ್ಲಿಯೇ ಮನುಷ್ಯನಿಗೂ ಗಣಕಯಂತ್ರಕ್ಕೂ ನಡೆಯುವ ಸಂವಾದದಲ್ಲಿ ಸೆಕೆಂಡಿನ ಹತ್ತನೆಯ ಒಂದು ಭಾಗದೊಳಗೆ ಬಂದ ಉತ್ತರ ತತ್‌ಕ್ಷಣದ್ದೆನಿಸುತ್ತದೆಂದು ಸೂಚಿಸಿದ್ದರು. ಯಂತ್ರಗಳು ಎಷ್ಟೋ ಪಟ್ಟು ಬೆಳೆದರೂ ಮನುಷ್ಯನ ಈ ಅಳತೆ ಬದಲಾಗಿಲ್ಲ. ೫೦ ಮಿಲಿಸೆಕೆಂಡಿಗಿಂತ ಹೆಚ್ಚು ಹಿಡಿಯುವ ಕಾರ್ಯವನ್ನು ದೀರ್ಘಕಾರ್ಯವೆಂದು ಇಂದು ಗಣಿಸುತ್ತಾರೆ. ಗೂಗಲ್ ಸಂಸ್ಥೆಯು ೨೦೨೪ರ ಮಾರ್ಚ್ ೧೨ರಿಂದ ತನ್ನ ಮುಖ್ಯ ಮಾನದಂಡಗಳಲ್ಲಿ ಸೇರಿಸಿದ ಅಳತೆಯೊಂದು ಓದುಗನ ಸ್ಪರ್ಶದಿಂದ ಮುಂದಿನ ಚಿತ್ರ ಮೂಡುವವರೆಗಿನ ಕಾಲವನ್ನು ಎಣಿಸುತ್ತದೆ: ೨೦೦ ಮಿಲಿಸೆಕೆಂಡಿನವರೆಗೆ ಉತ್ತಮ, ೫೦೦ಕ್ಕೆ ಮೇಲ್ಪಟ್ಟರೆ ಕಳಪೆ. ಅದಕ್ಕೆ ಹಿಂದಿದ್ದ ಮಾನದಂಡವು ಮೊದಲ ಸ್ಪರ್ಶಕ್ಕೆ ನಿರ್ವಾಹಕ ಆರಂಭವಾಗಲು ಆದ ತಡವನ್ನು ಮಾತ್ರ ನೋಡುತ್ತಿದ್ದಿತು. ಹೊಸದು ಭೇಟಿಯುದ್ದಕ್ಕೂ ನಡೆಯುವ ಸ್ಪರ್ಶಗಳನ್ನೆಲ್ಲ ಗಮನಕ್ಕೆ ತೆಗೆದುಕೊಳ್ಳುತ್ತದೆ.

ದೀರ್ಘವಾದ ಕೆಲಸ ತಪ್ಪಿಸಲಾಗದ್ದಾದರೆ ಅದನ್ನು ತುಂಡುಮಾಡಿ, ಒಂದೊಂದು ತುಂಡಿನ ನಡುವೆ ಎಳೆಯನ್ನು ಬಿಟ್ಟುಕೊಡಬೇಕು; ಇಲ್ಲವೇ ವೆಬ್ ವರ್ಕರ್ ಎಂಬ ಬೇರೊಂದು ಎಳೆಗೆ ಒಪ್ಪಿಸಬೇಕು. ಈ ವರ್ಕರ್ ಒಳಕೋಣೆಯ ಲೆಕ್ಕಿಗನಿದ್ದಂತೆ. ಲೆಕ್ಕವನ್ನು ಮಾಡಿಕೊಡಬಲ್ಲುದು, ಪುಟವನ್ನು ಮುಟ್ಟಲಾರದು.

ನಮ್ಮ ಸೂಚಿಯಲ್ಲಿ ನಾವು ಮಾಡಿದ ತಿದ್ದುಪಾಟುಗಳು ಇಷ್ಟೆ: ೬,೦೦೦ ನಿರ್ವಾಹಕಗಳ ಬದಲು ಒಂದು, ಹುಡುಕುವಿಕೆಗೆ ಕಾಲು ಸೆಕೆಂಡಿನ ತಾಳ್ಮೆ, ಅಳತೆಗಳನ್ನು ಒಮ್ಮೆಗೇ ಕೇಳುವುದು, ಪಟ್ಟಿಯನ್ನು ಐವತ್ತೈವತ್ತು ಸಾಲುಗಳಾಗಿ ತೋರಿಸುವುದು. ಯಾವುದನ್ನು ತಿದ್ದಬೇಕೆಂದು ಊಹೆಯಿಂದ ಹೊರಡದೆ, ಬ್ರೌಸರಿನಲ್ಲಿಯೇ ಇರುವ ಅಳೆಯುವ ಸಾಧನದಿಂದ ಮೊದಲು ನೋಡಿಕೊಂಡೆವು. ಹೀಗೆ ನೋಡಿದಾಗ, ನಾವು ಬಹಳವಾಗಿ ಶಂಕಿಸಿದ್ದ ಭಾಗವೊಂದು ನಿರ್ದೋಷಿಯೆಂದು ತಿಳಿದುಬಂದಿತು. ಪರೀಕ್ಷೆಯನ್ನು ವಿಭಾಗದ ಯಂತ್ರದಲ್ಲಿ ಮಾಡದೆ ವಿದ್ಯಾರ್ಥಿಗಳ ಮೊಬೈಲಿನಲ್ಲಿಯೇ ಮಾಡಿದೆವು. ಈಗ ಪುಟ ಬೆರಳಿನೊಡನೆ ಸರಿಯುತ್ತದೆ, ಅಕ್ಷರಗಳು ಹಿಂದೆ ಬೀಳುವುದಿಲ್ಲ. ಪುಟ ಮೊದಲ ಸಲ ತೆರೆದುಕೊಳ್ಳುವಾಗಿನ ವಿಳಂಬ ಇನ್ನೂ ಇದೆ. ಅದಕ್ಕೆ ಕಾರಣ ಸೂಚಿಯ ಗಾತ್ರವೇ ಹೊರತು ಘಟನೆಗಳಲ್ಲವಾದುದರಿಂದ ಅದರ ವಿಚಾರ ಬೇರೆಯಾಗಿ ನಡೆಯತಕ್ಕುದು.

ಈ ಮೂವತ್ತು ವರ್ಷಗಳ ಚರಿತ್ರೆಯನ್ನು ಒಟ್ಟಾಗಿ ನೋಡಿದಾಗ ಒಂದು ಮಾತು ಸ್ಪಷ್ಟವಾಗುತ್ತದೆ. ಪುಟಕ್ಕಿರುವುದು ಒಂದೇ ಎಳೆ. ಅದು ಸ್ಕ್ರಿಪ್ಟಿನದೂ ಹೌದು, ಓದುಗನದೂ ಹೌದು. ಸ್ಕ್ರಿಪ್ಟು ಅದನ್ನು ಹಿಡಿದಿರುವಷ್ಟು ಹೊತ್ತು ಓದುಗ ಬಾಗಿಲಲ್ಲಿ ನಿಂತಿರುತ್ತಾನೆ. ಡೆಲಿಗೇಷನ್, ಥ್ರಾಟಲ್, ಪ್ಯಾಸಿವ್, ಅಬ್ಸರ್ವರ್ ಎಂದು ಬೇರೆ ಬೇರೆ ಹೆಸರಿನಿಂದ ಬಂದ ಸುಧಾರಣೆಗಳೆಲ್ಲವೂ ಕಲಿಸುವುದು, ಆ ಎಳೆಯನ್ನು ಬೇಗ ಹಿಂದಿರುಗಿಸುವ ಮರ್ಯಾದೆಯನ್ನೇ. ಶಾಸನಸೂಚಿ, ಹಸ್ತಪ್ರತಿಗಳ ಪಟ್ಟಿ, ಹಳೆಯ ಪತ್ರಿಕೆಗಳ ಅನುಕ್ರಮಣಿಕೆ ಮೊದಲಾದುವನ್ನು ಜಾಲಪುಟಗಳಲ್ಲಿ ಪ್ರಕಟಿಸುವ ಕೆಲಸ ನಮ್ಮಂಥ ವಿಭಾಗಗಳಲ್ಲಿ ನಡೆದಿದೆ. ಅವುಗಳನ್ನು ರಚಿಸುವವರು ತಮ್ಮ ಮೇಜಿನ ಮೇಲಿನ ಯಂತ್ರವನ್ನಲ್ಲ, ತಪ್ಪು ತನ್ನ ಫೋನಿನದೇ ಎಂದುಕೊಂಡು ಸುಮ್ಮನೆ ಹಿಂದಿರುಗುವ ವಿದ್ಯಾರ್ಥಿಯನ್ನು ಕಣ್ಣಮುಂದಿಟ್ಟುಕೊಳ್ಳಬೇಕೆಂಬುದು ನಮ್ಮ ವಿನಂತಿ.